ಕೆನಡಾದ ಜೂನಿಯರ್ ಐಸ್ ಹಾಕಿ: ಆಲ್-ಸ್ಟಾರ್ ಪಂದ್ಯದ ಸ್ವರೂಪ ಬದಲಾವಣೆ

ಕೆನಡಾದ ಪ್ರಮುಖ ಜೂನಿಯರ್ ಐಸ್ ಹಾಕಿ ಸಂಸ್ಥೆಯಾದ ಕೆನಡಿಯನ್ ಹಾಕಿ ಲೀಗ್ (ಸಿಎಚ್‌ಎಲ್) ತನ್ನ ಆಯ್ದ ಆಟಗಾರರ ಪ್ರದರ್ಶನ ಪಂದ್ಯದ ಸ್ವರೂಪವನ್ನು 2024ರಲ್ಲಿ ಬದಲಾಯಿಸಿತು. 1996ರಿಂದ ನಡೆದುಬಂದಿದ್ದ ‘ಟಾಪ್ ಪ್ರಾಸ್ಪೆಕ್ಟ್ಸ್ ಗೇಮ್’ನಲ್ಲಿ ಲೀಗಿನ ಹುಡುಗರೇ ಎರಡು ತಂಡಗಳಾಗಿ ಎದುರಾಗುತ್ತಿದ್ದರು. ಅದರ ಜಾಗಕ್ಕೆ ಬಂದ ‘ಸಿಎಚ್‌ಎಲ್ ಯುಎಸ್‌ಎ ಪ್ರಾಸ್ಪೆಕ್ಟ್ಸ್ ಚಾಲೆಂಜ್’ನಲ್ಲಿ ಲೀಗಿನ ಒಂದೇ ತಂಡ ಅಮೆರಿಕದ 18 ವರ್ಷದೊಳಗಿನವರ ರಾಷ್ಟ್ರೀಯ ತಂಡದ ವಿರುದ್ಧ ಎರಡು ಪಂದ್ಯಗಳನ್ನು ಆಡುತ್ತದೆ.

ಹಿಂದಿನ ಸ್ವರೂಪ

ಒಂಟಾರಿಯೊ, ವೆಸ್ಟರ್ನ್ ಮತ್ತು ಕ್ವಿಬೆಕ್ ಮ್ಯಾರಿಟೈಮ್ಸ್ ಎಂಬ ಮೂರು ಲೀಗುಗಳು ಸಿಎಚ್‌ಎಲ್‌ನ ಅಡಿಯಲ್ಲಿವೆ. ಬದಲಾವಣೆಯ ಹೊತ್ತಿಗೆ ಇವುಗಳಲ್ಲಿ ಒಟ್ಟು 60 ತಂಡಗಳಿದ್ದವು. ಆಟಗಾರರು ಬಹುಮಟ್ಟಿಗೆ 16ರಿಂದ 20 ವರ್ಷದವರು. ಮೊದಲ ಟಾಪ್ ಪ್ರಾಸ್ಪೆಕ್ಟ್ಸ್ ಪಂದ್ಯ ಟೊರಾಂಟೊದ ಮೇಪಲ್ ಲೀಫ್ ಗಾರ್ಡನ್ಸ್‌ನಲ್ಲಿ ನಡೆಯಿತು. ಆ ವರ್ಷದ ಎನ್‌ಎಚ್‌ಎಲ್ ಡ್ರಾಫ್ಟ್‌ಗೆ (ಈ ವೃತ್ತಿಪರ ಲೀಗಿನ ತಂಡಗಳು ಕಿರಿಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆ) ಅರ್ಹರಾದ 40 ಮಂದಿಯನ್ನು ಆರಿಸುವುದು ರೂಢಿಯಾಯಿತು. ಅನೇಕ ವರ್ಷ ತಂಡಗಳಿಗೆ ಹಾಕಿ ಲೋಕದ ಹೆಸರಾಂತರಾದ ಬಾಬಿ ಓರ್ ಮತ್ತು ಡಾನ್ ಚೆರ್ರಿ ಅವರ ಹೆಸರುಗಳೇ ಇದ್ದವು. 2020ರಲ್ಲಿ ಹ್ಯಾಮಿಲ್ಟನ್‌ನಲ್ಲಿ ನಡೆದ ಪಂದ್ಯದ ವೇಳೆಗೆ ಅವು ಬರಿಯ ‘ಕೆಂಪು’ ಮತ್ತು ‘ಬಿಳಿ’ ಆಗಿದ್ದವು. 2023ರಲ್ಲಿ ಲ್ಯಾಂಗ್ಲಿಯಲ್ಲಿ ಕಾನರ್ ಬೆಡಾರ್ಡ್ ಆಡಿದರು. ಕೊನೆಯ ಪಂದ್ಯ 2024ರ ಜನವರಿಯಲ್ಲಿ ಮಾಂಕ್ಟನ್‌ನಲ್ಲಿ ಜರುಗಿತು.

ಹೆಸರಿಗೆ ಪ್ರದರ್ಶನ ಪಂದ್ಯವಾದರೂ ಇದನ್ನು ಎನ್‌ಎಚ್‌ಎಲ್‌ನ ಆಲ್-ಸ್ಟಾರ್ ಪಂದ್ಯದ ಸಾಲಿಗೆ ಸೇರಿಸುವುದು ಸರಿಯಾಗಲಾರದು. ಅಲ್ಲಿ ಆಡುವವರಿಗೆ ಗಳಿಸಬೇಕಾದ್ದು ಏನೂ ಉಳಿದಿರುವುದಿಲ್ಲ. ಮೈಗೆ ಮೈ ತಾಗಿಸದೆ, ಗಾಯ ಮಾಡಿಕೊಳ್ಳದೆ ಮನೆಗೆ ಹೋದರೆ ಸಾಕು. ಇಲ್ಲಿ ಹಾಗಲ್ಲ. ಗ್ಯಾಲರಿಯಲ್ಲಿ ಎನ್‌ಎಚ್‌ಎಲ್ ತಂಡಗಳ ಸ್ಕೌಟ್‌ಗಳು ಟಿಪ್ಪಣಿ ಪುಸ್ತಕ ಹಿಡಿದು ಕೂತಿರುತ್ತಾರೆ ಎಂಬುದು ಹದಿನೇಳರ ಹುಡುಗನಿಗೆ ಚೆನ್ನಾಗಿ ಗೊತ್ತು. ಆಟ ಬಿರುಸಾಗಿಯೇ ಇರುತ್ತಿತ್ತು. ಕೊರತೆಯಿದ್ದದ್ದು ಬೇರೆ ಕಡೆ: ಯಾರು ಗೆದ್ದರೂ ಗೆದ್ದದ್ದು ಸಿಎಚ್‌ಎಲ್ಲೇ. ಊರಿನ ಪ್ರೇಕ್ಷಕನಿಗೆ ತನ್ನದೆಂದು ಹಿಡಿದುಕೊಳ್ಳಲು ಒಂದು ಪಕ್ಷವೇ ಇರಲಿಲ್ಲ.

ರಷ್ಯಾ ಸರಣಿ

ಆ ಪಕ್ಷವನ್ನು ಒದಗಿಸಿದ್ದು 2003ರಲ್ಲಿ ಆರಂಭವಾದ ಕೆನಡಾ–ರಷ್ಯಾ ಸರಣಿ. ರಷ್ಯಾದ ಕಿರಿಯರ ಆಯ್ದ ತಂಡ ಪ್ರತಿ ನವೆಂಬರಿನಲ್ಲಿ ಬಂದು ಮೂರೂ ಲೀಗುಗಳ ಆಯ್ದ ತಂಡಗಳೊಡನೆ ಎರಡೆರಡರಂತೆ ಆರು ಪಂದ್ಯ ಆಡುತ್ತಿತ್ತು. ಡಿಸೆಂಬರ್ ಕೊನೆಯ ವಿಶ್ವ ಜೂನಿಯರ್ ಪಂದ್ಯಾವಳಿಗೆ ಕೆನಡಾ ತಂಡವನ್ನು ಆರಿಸುವವರಿಗೂ ಇದು ಒರೆಗಲ್ಲಾಗಿತ್ತು. 2019ರ ನಂತರ ಸರಣಿ ನಡೆಯಲಿಲ್ಲ: ಮೊದಲು ಕೋವಿಡ್, ಆಮೇಲೆ ಉಕ್ರೇನ್ ಮೇಲಿನ ಆಕ್ರಮಣ ಅಡ್ಡಬಂತು. ಹೀಗೆ ತೆರವಾದ ನವೆಂಬರನ್ನೂ ಜನವರಿಯ ಪಂದ್ಯವನ್ನೂ ಹೊಸ ಸ್ವರೂಪ ಒಂದಾಗಿಸಿತೆಂದು ಹೇಳಬಹುದು.

ಹೊಸ ಸ್ವರೂಪ

ಎದುರಾಳಿಯಾಗಿ ಬಂದದ್ದು ಯುಎಸ್‌ಎ ಹಾಕಿಯ ರಾಷ್ಟ್ರೀಯ ತಂಡ ಅಭಿವೃದ್ಧಿ ಕಾರ್ಯಕ್ರಮ. 1996ರಲ್ಲಿ ಮಿಶಿಗನ್‌ನ ಆ್ಯನ್ ಆರ್ಬರ್‌ನಲ್ಲಿ ಶುರುವಾಗಿ ಈಗ ಪ್ಲಿಮತ್‌ನಲ್ಲಿರುವ ಈ ಕಾರ್ಯಕ್ರಮದಲ್ಲಿ ಹುಡುಗರು ವರ್ಷವಿಡೀ ಒಟ್ಟಿಗೇ ಅಭ್ಯಾಸ ಮಾಡುತ್ತಾರೆ. ಸಿಎಚ್‌ಎಲ್ ತಂಡದವರಾದರೋ ಬೇರೆ ಬೇರೆ ಪ್ರಾಂತ್ಯಗಳಿಂದ ಬಂದು ಪಂದ್ಯಕ್ಕಾಗಿ ಕೂಡಿದವರು. ಆದರೂ 2024ರ ನವೆಂಬರ್ 26ರಂದು ಒಂಟಾರಿಯೊದ ಲಂಡನ್‌ನಲ್ಲಿ 6–1, ಮರುದಿನ ಓಷಾವಾದಲ್ಲಿ 3–2 ಗೋಲುಗಳಿಂದ ಸಿಎಚ್‌ಎಲ್ ಗೆದ್ದಿತು.

ಈ ಫಲಿತಾಂಶವನ್ನು ಅಳೆಯುವಾಗ ಹುಟ್ಟಿದ ದಿನಾಂಕಗಳನ್ನು ಗಮನಿಸಬೇಕು. ಎನ್‌ಎಚ್‌ಎಲ್ ಡ್ರಾಫ್ಟ್‌ಗೆ ಅರ್ಹನಾಗಲು ಆಟಗಾರ ಆ ವರ್ಷದ ಸೆಪ್ಟೆಂಬರ್ 15ರೊಳಗೆ 18 ತುಂಬಿಸಿರಬೇಕು. 2025ರ ಡ್ರಾಫ್ಟ್‌ಗೆ ಮೊದಲ ಬಾರಿ ಅರ್ಹರಾದವರೆಂದರೆ 2006ರ ಸೆಪ್ಟೆಂಬರ್ 16ರಿಂದ 2007ರ ಸೆಪ್ಟೆಂಬರ್ 15ರ ನಡುವೆ ಹುಟ್ಟಿದವರು. ಸಿಎಚ್‌ಎಲ್ ಇವರೊಳಗಿಂದ ತಂಡ ಕಟ್ಟುತ್ತದೆ. ಅಮೆರಿಕದ ಕಾರ್ಯಕ್ರಮ ನಡೆಯುವುದು ಕ್ಯಾಲೆಂಡರ್ ವರ್ಷದ ಲೆಕ್ಕದಲ್ಲಿ: ಆ ಋತುವಿನ 18ರೊಳಗಿನ ತಂಡ 2007ರಲ್ಲಿ ಹುಟ್ಟಿದವರದು. ಎಂದರೆ, 2006ರ ಕೊನೆಯ ಮೂರೂವರೆ ತಿಂಗಳಲ್ಲಿ ಹುಟ್ಟಿದವರು ಒಂದೇ ಕಡೆ ಇರಲು ಸಾಧ್ಯ. 2007ರ ಅದೇ ತಿಂಗಳುಗಳವರು ಇನ್ನೊಂದು ಕಡೆ ಮಾತ್ರ. ಸಿಎಚ್‌ಎಲ್ ಪರ ಆಡಿದ ಈರಿ ಆಟರ್ಸ್ ತಂಡದ ಡಿಫೆನ್ಸ್ ಆಟಗಾರ ಮ್ಯಾಥ್ಯೂ ಶೇಫರ್ ಹುಟ್ಟಿದ್ದು 2007ರ ಸೆಪ್ಟೆಂಬರ್ 5ರಂದು. ಹನ್ನೊಂದು ದಿನ ತಡವಾಗಿದ್ದರೆ ಅವರ ಸರದಿ 2026ಕ್ಕೆ ಹೋಗುತ್ತಿತ್ತು. 2025ರಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಅವರನ್ನು ಮೊತ್ತಮೊದಲಿಗರಾಗಿ ಆರಿಸಿತು. ಅದೇ ಡ್ರಾಫ್ಟ್‌ನಲ್ಲಿ ಆರನೆಯವರಾಗಿ ಆಯ್ಕೆಯಾದ ಪೋರ್ಟರ್ ಮಾರ್ಟೋನ್ 2006ರ ಅಕ್ಟೋಬರಿನಲ್ಲಿ ಹುಟ್ಟಿದವರು, ಶೇಫರ್‌ಗಿಂತ ಹತ್ತು ತಿಂಗಳು ದೊಡ್ಡವರು. ಮೈ ಬಲಿಯುವ ವಯಸ್ಸಿನಲ್ಲಿ ಹತ್ತು ತಿಂಗಳು ಕಡಿಮೆಯೇನಲ್ಲ. ಗೆಲುವಿಗೆ ಇದೊಂದೇ ಕಾರಣ ಎನ್ನಲಾಗದು, ಆದರೆ ಲೆಕ್ಕದಿಂದ ಬಿಡುವಂತೆಯೂ ಇಲ್ಲ.

ಪರಿಣಾಮ

ಮೊದಲ ಪಂದ್ಯಕ್ಕೆ ಕೆಲವೇ ದಿನ ಮುಂಚೆ, ನವೆಂಬರ್ 7ರಂದು, ಸಿಎಚ್‌ಎಲ್ ಆಟಗಾರರಿಗೆ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ತೆರೆಯುವ ನಿರ್ಣಯವನ್ನು ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಕೈಗೊಂಡಿತು. ಅದು 2025ರ ಆಗಸ್ಟ್ 1ರಿಂದ ಜಾರಿಗೆ ಬಂತು. ಪಂದ್ಯದ ಯೋಜನೆ ಅದಕ್ಕಿಂತ ಹಳೆಯದಾದ್ದರಿಂದ ಒಂದಕ್ಕೊಂದು ಗಂಟು ಹಾಕಬೇಕಿಲ್ಲ. ಆದರೂ ಒಂದೇ ವಯಸ್ಸಿನ ಪ್ರತಿಭೆಗಳಿಗಾಗಿ ಪೈಪೋಟಿ ನಡೆಸುವ ಎರಡು ವ್ಯವಸ್ಥೆಗಳು ಮುಖಾಮುಖಿಯಾದ ಕಾರಣ ಪಂದ್ಯಕ್ಕೆ ಹೆಚ್ಚಿನ ಮಹತ್ವ ಬಂತು.

ನಷ್ಟವಾದದ್ದು ಪಟ್ಟಿಯ ನಡುವಿನವರಿಗೆ. ನಲವತ್ತು ಜಾಗಗಳಿದ್ದಲ್ಲಿ ಈಗ ಉಳಿದಿರುವುದು ಹೆಚ್ಚುಕಡಿಮೆ ಅರ್ಧ. ಮೊದಲ ಐದರಲ್ಲಿರುವವನನ್ನು ಸ್ಕೌಟ್‌ಗಳು ಹೇಗೂ ಹತ್ತಾರು ಸಲ ನೋಡಿರುತ್ತಾರೆ. ಮೂವತ್ತೈದನೆಯವನಿಗೆ ಆ ಒಂದು ಸಂಜೆ ಬಹಳ ದೊಡ್ಡದಾಗಿತ್ತು. ಅಲ್ಲದೆ, ನವೆಂಬರಿನಲ್ಲಿ ಋತು ಇನ್ನೂ ಎಳೆಯದು. ಆಮೇಲೆ ಅರಳುವ ಆಟಗಾರನಿಗೆ ಜನವರಿಯೇ ಅನುಕೂಲವಾಗಿತ್ತು.

2025ರ ನವೆಂಬರಿನ ಸರಣಿಯನ್ನು ಆಲ್ಬರ್ಟಾದ ಕ್ಯಾಲ್ಗರಿ ಮತ್ತು ಲೆತ್‌ಬ್ರಿಜ್‌ಗೆ ನೀಡಲಾಯಿತು. ಹಿರಿಯರ ಆಟದಲ್ಲೂ ಇಂಥದೇ ತಿರುವು ಕಂಡಿತು: 2025ರ ಫೆಬ್ರವರಿಯಲ್ಲಿ ಎನ್‌ಎಚ್‌ಎಲ್ ತನ್ನ ಆಲ್-ಸ್ಟಾರ್ ಪಂದ್ಯದ ಬದಲು ಕೆನಡಾ, ಅಮೆರಿಕ, ಸ್ವೀಡನ್ ಮತ್ತು ಫಿನ್ಲೆಂಡ್ ತಂಡಗಳ ‘ಫೋರ್ ನೇಷನ್ಸ್ ಫೇಸ್-ಆಫ್’ ಅನ್ನು ಮಾಂಟ್ರಿಯಲ್ ಮತ್ತು ಬಾಸ್ಟನ್‌ಗಳಲ್ಲಿ ಏರ್ಪಡಿಸಿತು.