ತೊಲೆ ಮತ್ತು ಹೆಂಚು

ಹಳೆಯ ಹೆಂಚಿನ ಮನೆ ಸೋರತೊಡಗಿದರೆ ಹಿರಿಯರು ಮೊದಲು ನೋಡುತ್ತಿದ್ದುದು ತೊಲೆಯನ್ನು. ತೊಲೆ ಗಟ್ಟಿಯಿದ್ದರೆ ನಾಲ್ಕು ಹೆಂಚು ಬದಲಿಸಿದರೆ ಸಾಕು. ಗೆದ್ದಲು ಹಿಡಿದಿದ್ದರೆ ಹೊಸ ಹೆಂಚಿಗೆ ಸುರಿದ ದುಡ್ಡು ನೀರುಪಾಲು. ಆಟವಾಡಲೆಂದು ಕೊಂಡ ಕಂಪ್ಯೂಟರ್ ಹಳತಾದಾಗಲೂ ಪ್ರಶ್ನೆ ಇದೇ. ಮೊಬೈಲ್ ಹಳತಾದರೆ ನಾವು ಹೀಗೆ ಯೋಚಿಸುವುದಿಲ್ಲ, ಹೊಸದು ಕೊಳ್ಳುತ್ತೇವೆ. ಕಂಪ್ಯೂಟರಿನ ಮಟ್ಟಿಗೆ ಈ ಆಯ್ಕೆ ನಮಗೆ ದಕ್ಕಿದ್ದರ ಹಿಂದೆ ಒಂದು ಚರಿತ್ರೆಯಿದೆ.

1977ರಲ್ಲಿ ಬಂದ ಆಪಲ್ II ಕಂಪ್ಯೂಟರಿನಲ್ಲಿ ಹೆಚ್ಚುವರಿ ಕಾರ್ಡುಗಳಿಗೆಂದು ಎಂಟು ಸ್ಲಾಟುಗಳಿದ್ದವು. ಎರಡು ಸಾಕೆಂದಿದ್ದರು ಸ್ಟೀವ್ ಜಾಬ್ಸ್. ಎಂಟೇ ಬೇಕೆಂದು ಪಟ್ಟು ಹಿಡಿದವರು ಸ್ಟೀವ್ ವೋಜ್ನಿಯಾಕ್. 1981ರ ಐಬಿಎಂ ಪಿಸಿಯಲ್ಲಿ ಐದು ಸ್ಲಾಟುಗಳು. ಒಳಗಿನ ಸರ್ಕ್ಯೂಟ್ ನಕ್ಷೆಗಳಿದ್ದ ಕೈಪಿಡಿಯನ್ನೂ ಐಬಿಎಂ ಮಾರಿತು. ಬೇರೆಯವರು ಅದಕ್ಕೆ ಕಾರ್ಡುಗಳನ್ನು ಮಾಡಿದರು, ಆಮೇಲೆ ಅಂಥದ್ದೇ ಕಂಪ್ಯೂಟರುಗಳನ್ನೂ ಮಾಡಿದರು. 1984ರ ಮೆಕಿಂಟಾಷ್ ಮಾತ್ರ ಸ್ಲಾಟೇ ಇಲ್ಲದ ಮುಚ್ಚಿದ ಪೆಟ್ಟಿಗೆಯಾಗಿ ಬಂತು. ದಾರಿ ಅಲ್ಲಿ ಕವಲೊಡೆಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ‘ಅಸೆಂಬಲ್’ ಮಾಡಿಸಿದವರೆಲ್ಲ ಮೊದಲನೇ ದಾರಿಯ ವಾರಸುದಾರರು.

ಆ ದಾರಿಯನ್ನು ಪರೀಕ್ಷೆಗೊಡ್ಡಿದ್ದು ಆಟಗಳು. 1993ರ ಡಿಸೆಂಬರಿನಲ್ಲಿ ಬಂದ ‘ಡೂಮ್’ 386 ಯಂತ್ರದಲ್ಲೂ ಓಡುತ್ತಿತ್ತು, ಆದರೆ ಪರದೆಯ ಚಿತ್ರವನ್ನು ಕಿರಿದು ಮಾಡಿಕೊಂಡು ಆಡಬೇಕಿತ್ತು. 1996ರ ‘ಕ್ವೇಕ್’ ದಶಮಾಂಶ ಲೆಕ್ಕವನ್ನು ವೇಗವಾಗಿ ಮಾಡುವ ಪೆಂಟಿಯಂ ಚಿಪ್ಪನ್ನು ನೆಚ್ಚಿಕೊಂಡಿತ್ತು. 486 ಇದ್ದವರಲ್ಲಿ ಹೆಚ್ಚಿನವರಿಗೆ ಅದರರ್ಥ ಮದರ್‌ಬೋರ್ಡನ್ನೇ ಬದಲಿಸುವುದು. ಅದೇ ವರ್ಷ ಬಂದ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಚಿಪ್ಪಿನದು ಬೇರೆಯೇ ಕಥೆ. ಅದರ ಕಾರ್ಡನ್ನು ಖಾಲಿಯಿದ್ದ ಪಿಸಿಐ ಸ್ಲಾಟಿಗೆ ಸಿಕ್ಕಿಸಿದರೆ, ಹಳೆಯ ಕಾರ್ಡನ್ನು ತೆಗೆಯದೆಯೇ ಮೂರು ಆಯಾಮದ ಚಿತ್ರಗಳು ಸರಾಗವಾಗಿ ಮೂಡುತ್ತಿದ್ದವು. ಒಂದೇ ವರ್ಷದಲ್ಲಿ ಒಂದು ಕಡೆ ತೊಲೆ ಮುರಿಯಿತು, ಇನ್ನೊಂದು ಕಡೆ ಹೆಂಚು ಹೊಸದಾಯಿತು.

ಮರುವರ್ಷ ಪೆಂಟಿಯಂ II ತನ್ನದೇ ಹೊಸ ಸ್ಲಾಟಿನೊಂದಿಗೆ ಬಂತು. ಹಳೆಯ ಬೋರ್ಡು ಅದಕ್ಕೆ ಹೊಂದಲಿಲ್ಲ. ಹಾಗಾಗಿ ಕಂಪ್ಯೂಟರಿನ ನಿಜವಾದ ಆಯುಷ್ಯ ಇರುವುದು ಮದರ್‌ಬೋರ್ಡಿನ ಸಾಕೆಟ್ಟಿನಲ್ಲಿ. ಅದು ಹೊಸ ಪ್ರೊಸೆಸರನ್ನು ಒಪ್ಪುವವರೆಗೆ ಯಂತ್ರ ಬದುಕಿದೆ.

ನನ್ನ ಯಂತ್ರ 2017ರದು, ಎಎಂಡಿಯ ಮೊದಲ ತಲೆಮಾರಿನ ರೈಜನ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು; ವಿಂಡೋಸ್ 11 ಒಪ್ಪುವ ಪ್ರೊಸೆಸರುಗಳ ಪಟ್ಟಿಯಲ್ಲಿ ನನ್ನದಿಲ್ಲ. “ಎಂಟು ವರ್ಷ ಆಯ್ತಲ್ಲ ಸಾರ್, ಬಿಟ್ಟಾಕಿ, ಹೊಸದು ತಗೊಳ್ಳಿ” ಎಂದರು ಅಂಗಡಿಯವರು. ಅಷ್ಟು ಹಣ ಕೈಯಲ್ಲಿರಲಿಲ್ಲ. ಆದರೆ ನನ್ನ ಬೋರ್ಡಿನದು ಎಎಂ4 ಸಾಕೆಟ್. ಬಯಾಸ್ ಅಪ್‌ಡೇಟ್ ಮಾಡಿ, 2020ರಲ್ಲಿ ಬಂದ ರೈಜನ್ 5000 ಸರಣಿಯ ಪ್ರೊಸೆಸರೊಂದನ್ನು ಕೂರಿಸಿದೆ. ಪೆಟ್ಟಿಗೆ, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಎಲ್ಲವೂ ಹಳೆಯವೇ. ಯಂತ್ರ ಈಗ ವಿಂಡೋಸ್ 11ರಲ್ಲಿ ಓಡುತ್ತಿದೆ.

ಮುಂದಿನ ಸಲ ಹೀಗೆ ಉಳಿಸಲಾಗದು. ಎಎಂಡಿ 2022ರಲ್ಲೇ ಎಎಂ5ಕ್ಕೆ ಹೊರಳಿದೆ, ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು. ಆಗ ಬೋರ್ಡೂ ರ‍್ಯಾಮೂ ಒಟ್ಟಿಗೆ ಹೋಗುತ್ತವೆ. ಅದನ್ನು ದುರಸ್ತಿ ಎನ್ನಲಾಗದು. ಆದರೆ ಉಳಿಸುವುದೋ ಬಿಡುವುದೋ ಎಂದು ಸ್ಕ್ರೂಡ್ರೈವರ್ ಹಿಡಿದು ನಾನೇ ತೀರ್ಮಾನಿಸಬಲ್ಲೆ. ಇಂದಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನೂ ಬೋರ್ಡಿಗೇ ಬೆಸೆದಿರುತ್ತಾರೆ. ಅಲ್ಲಿ ಆ ತೀರ್ಮಾನ ಕಾರ್ಖಾನೆಯಲ್ಲೇ ಆಗಿಹೋಗಿರುತ್ತದೆ.