ಬಾಗಿಲು ಕಾಯುವ ಕೆಲಸ

ಕತಾರಿನ ದೋಹಾದಲ್ಲಿ ನನ್ನ ಹೊಟ್ಟೆಪಾಡು ಬರ್ಗ್ಲರ್ ಅಲಾರಂ. ವಿಲ್ಲಾಗಳ ಬಾಗಿಲಿಗೆ ಡೋರ್ ಕಾಂಟ್ಯಾಕ್ಟ್ ಕೂರಿಸುವುದು, ಕೋಣೆಯ ಮೂಲೆಗೆ ಮೋಷನ್ ಸೆನ್ಸರ್ ಹೊಡೆಯುವುದು, ಎಲ್ಲದರ ತಂತಿ ಎಳೆದು ತಂದು ಮೆಟ್ಟಿಲಡಿಯ ಪ್ಯಾನಲ್‌ಗೆ ಸೇರಿಸುವುದು. ಮಂಗಳೂರಿನಲ್ಲಿ ಐಟಿಐ ಮುಗಿಸಿ ಬಂದವನು ನಾನು. ರಜೆಯಲ್ಲಿ ಬಂಟ್ವಾಳಕ್ಕೆ ಹೋದಾಗಲೆಲ್ಲ ಯಾರಾದರೊಬ್ಬರು, "ಅಲ್ಲಿ ಅಷ್ಟೊಂದು ಕಳ್ಳರಿದ್ದಾರಾ ಮಾರಾಯ?" ಎಂದು ಕೇಳುತ್ತಾರೆ. ಇಲ್ಲ ಎಂದರೆ ನಂಬುವುದಿಲ್ಲ. ಅಂಗಡಿಯ ಮುಂದೆ ಎಂಜಿನ್ ಕೂಡ ಆಫ್ ಮಾಡದೆ ಕಾರು ಬಿಟ್ಟು ಒಳಗೆ ಹೋಗುವವರನ್ನು ಇಲ್ಲಿ ದಿನಾ ನೋಡುತ್ತೇನೆ. ಹಾಗಿದ್ದೂ ನಮಗೆ ಕೆಲಸ ತಪ್ಪಿದ್ದಿಲ್ಲ. ನನಗೆ ತೋಚಿದ ಕಾರಣ ಇಷ್ಟು: ಒಂದು ಕಾಲದಲ್ಲಿ ಈ ಊರಿನ ಮನೆಗಳನ್ನು ಕಾಯುತ್ತಿದ್ದ ಜನ ಒಬ್ಬೊಬ್ಬರಾಗಿ ಬಾಗಿಲ ಬಳಿಯಿಂದ ಎದ್ದು ಹೋದರು. ಆ ಖಾಲಿ ಜಾಗಕ್ಕೆ ನಾವು ಡ್ರಿಲ್ ಹಿಡಿದುಕೊಂಡು ಬಂದೆವು.

ಎದ್ದು ಹೋದವರು ಯಾರು ಎಂದು ತಿಳಿಯಬೇಕಿದ್ದರೆ ಮುಶೈರಿಬ್‌ಗೆ ಹೋಗಬೇಕು. ಸೂಕ್ ವಾಕಿಫ್ ಮಾರುಕಟ್ಟೆಯ ಪಕ್ಕದ ಈ ಹಳೆಯ ಪೇಟೆಯಲ್ಲಿ ನಾಲ್ಕು ಮನೆಗಳನ್ನು ಉಳಿಸಿ 2015ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಅವುಗಳಲ್ಲಿ ರದ್ವಾನಿ ಮನೆ ನನಗೆ ಇಷ್ಟ. 1920ರ ದಶಕದ್ದು. ನಡುವೆ ಅಂಗಳ, ಸುತ್ತ ಕೋಣೆಗಳು. ನಮ್ಮ ಕಡೆಯ ತೊಟ್ಟಿಮನೆ ಕಂಡವರಿಗೆ ಹೊಸತೇನೂ ಅನಿಸುವುದಿಲ್ಲ. ಬೇರೆಯವರು ಅಲ್ಲಿ ಬಾವಿ, ಪಾತ್ರೆ ನೋಡಿದರೆ ನನ್ನ ಕಣ್ಣು ಬಾಗಿಲಿಗೆ ಹೋಗುತ್ತದೆ, ಕಸುಬಿನ ಚಾಳಿ. ಇಲ್ಲಿನ ಹಳೆಯ ಮನೆಗಳಲ್ಲಿ ಬೀದಿ ಬಾಗಿಲು ತೆರೆದರೆ ನೇರ ಅಂಗಳ ಕಾಣುವುದಿಲ್ಲ. ಎದುರಿಗೆ ಒಂದು ಗೋಡೆ, ಬಳಸಿಕೊಂಡು ಒಳಗೆ ಹೋಗಬೇಕು. ದೊಡ್ಡ ಕದದೊಳಗೆ ಒಂದು ಪುಟ್ಟ ಕದ. ದಿನದ ಓಡಾಟವೆಲ್ಲ ಅದರಲ್ಲಿ, ತಲೆ ತಗ್ಗಿಸಿಯೇ ದಾಟಬೇಕು. ಗಂಡಸರ ಬೈಠಕ್ಕಿಗೆ, ಎಂದರೆ ಮಜ್ಲಿಸ್‌ಗೆ, ಬೇರೆಯೇ ಬಾಗಿಲು. ಮರ ಬೆಳೆಯದ ಈ ನಾಡಿಗೆ ದೋಣಿಗೂ ಕದಕ್ಕೂ ಸಾಗುವಾನಿ ಬರುತ್ತಿದ್ದುದು ಮಲಬಾರ್ ಕರಾವಳಿಯಿಂದ. ಮರ ಮೊದಲು ಬಂತು, ನಾವು ಆಮೇಲೆ ಬಂದೆವು.

ಮನೆಯ ಹೊರಗೋಡೆಗೆ ಅಂಟಿಕೊಂಡು ಒಂದು ಜಗಲಿ. ಸಂಜೆ ಹಿರಿಯರು ಅಲ್ಲಿ ಕೂರುತ್ತಿದ್ದರು. ಓಣಿಯ ಎರಡೂ ಕಡೆ ಇದ್ದುದು ಬಹುಪಾಲು ಅಣ್ಣತಮ್ಮಂದಿರ, ಬೀಗರ, ಒಂದೇ ಬುಡಕಟ್ಟಿನವರ ಮನೆಗಳು. ಇಂಥ ಕೇರಿಗೆ ಫರೀಜ್ ಎನ್ನುತ್ತಾರೆ. ಪರಸ್ಥಳದವನು ಓಣಿಗೆ ಕಾಲಿಟ್ಟ ಕೂಡಲೇ ಜಗಲಿಯಿಂದ "ಯಾರ ಮನೆಗೆ?" ಎಂಬ ಪ್ರಶ್ನೆ ಬರುತ್ತಿತ್ತು. ಮುತ್ತು ತೆಗೆಯುವ ಕಾಲದಲ್ಲಿ ಈ ಕಾವಲು ಇನ್ನೂ ಮುಖ್ಯ. ಜೂನ್ ಸುಮಾರಿಗೆ ದೋಣಿಗಳು ಹೊರಟರೆ ಸೆಪ್ಟೆಂಬರ್‌ವರೆಗೆ ದುಡಿಯುವ ಗಂಡಸರೆಲ್ಲ ಕಡಲಿನಲ್ಲಿ. ಬೇಸಿಗೆಯ ನಾಲ್ಕು ತಿಂಗಳು ಊರಿನಲ್ಲಿ ಉಳಿಯುತ್ತಿದ್ದವರು ಹೆಂಗಸರು, ಮಕ್ಕಳು, ಮುದುಕರು. ಆದರೂ ಮನೆಗಳು ಖಾಲಿ ಇರುತ್ತಿರಲಿಲ್ಲ. ಈ ಬೇಸಿಗೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜಪಾನಿನ ಸಾಕುಮುತ್ತು ಮತ್ತು 1929ರ ನಂತರದ ಜಾಗತಿಕ ಆರ್ಥಿಕ ಕುಸಿತ ಸೇರಿ ಮುತ್ತಿನ ಕಸುಬನ್ನು ಮುಗಿಸಿದವು. ದುಖಾನ್‌ನಲ್ಲಿ ಎಣ್ಣೆ ಸಿಕ್ಕಿದರೂ ಎರಡನೆಯ ಮಹಾಯುದ್ಧದಿಂದ ಕೆಲಸ ನಿಂತು, ಮೊದಲ ರಫ್ತು ಹೊರಟದ್ದು 1949ರ ಡಿಸೆಂಬರ್ ಕೊನೆಗೆ. ಆಮೇಲೆ ಕರೆಂಟು ಬಂತು. ಮೊದಲು ದೀಪ ಕಂಡ ಮುಶೈರಿಬ್‌ನ ಬೀದಿಗೆ ಇವತ್ತಿಗೂ ಕಹ್ರಬಾ ಸ್ಟ್ರೀಟ್ ಎಂದೇ ಹೆಸರು. ಕಹ್ರಬಾ ಎಂದರೆ ವಿದ್ಯುತ್ತು. 1970ರ ದಶಕದಲ್ಲಿ ಎಣ್ಣೆಯ ಬೆಲೆ ಏರಿದಾಗ ಕತಾರಿಗಳು ಇಕ್ಕಟ್ಟಾದ ಓಣಿಗಳನ್ನು ಬಿಟ್ಟು ಊರ ಹೊರಗಿನ ಹೊಸ ಬಡಾವಣೆಗಳ ವಿಲ್ಲಾಗಳಿಗೆ ಹೋದರು. ಬಿಟ್ಟುಹೋದ ಮನೆಗಳಿಗೆ ಬಾಡಿಗೆಗೆ ಬಂದವರು ನಮ್ಮಂಥವರು, ಒಂದು ಕೋಣೆಗೆ ನಾಲ್ಕಾರು ಮಂಚ ಹಾಕಿಕೊಂಡು. ನಮ್ಮ ಕರಾವಳಿಯ ಹಿರಿಯರಲ್ಲಿ ಕೆಲವರು ಮುಂಬಯಿಯಿಂದ ದ್ವಾರಕಾ ಹಡಗು ಹತ್ತಿ ಈ ಕಡೆಗೆ ಬಂದವರು. ಆ ಹಡಗು 1982ರವರೆಗೂ ಓಡುತ್ತಿತ್ತು. 1966ರವರೆಗೆ ಇಲ್ಲಿ ನಡೆಯುತ್ತಿದ್ದುದೂ ರೂಪಾಯಿಯೇ. ಈಗ ಇದನ್ನು ಹೇಳಿದರೆ ನಮ್ಮ ಹುಡುಗರು ನಗುತ್ತಾರೆ.

ವಿಲ್ಲಾಗಳಿಗೆ ಆಳೆತ್ತರಕ್ಕೂ ಮೀರಿದ ಕಾಂಪೌಂಡ್. ಮರ್ಯಾದೆಗೆಂದು ಎಬ್ಬಿಸಿದ ಗೋಡೆ ಅದು, ಹೊರಗಿನವರ ಕಣ್ಣು ಒಳಗೆ ಬೀಳಬಾರದು. ಆದರೆ ಅದೇ ಗೋಡೆ ಪಕ್ಕದ ಮನೆಯವರ ಕಣ್ಣನ್ನೂ ತಡೆಯಿತು. ಜಗಲಿ ಹೋಯಿತು, ಮಜ್ಲಿಸ್ ಗೋಡೆಯೊಳಗೆ ಸೇರಿತು. ಗೋಡೆ ಹಾರಿ ಒಳಗೆ ಇಳಿದವನಿಗೆ ಆಮೇಲೆ ಆ ಗೋಡೆಯೇ ಮರೆ. ಇನ್ನು ಬೇಸಿಗೆ. ಅಂದು ಗಂಡಸರು ಮಾತ್ರ ಕಡಲಿಗೆ ಹೋಗುತ್ತಿದ್ದ ಅದೇ ತಿಂಗಳುಗಳಲ್ಲಿ ಇಂದು ಉಳ್ಳವರ ಮನೆಗಳಿಂದ ಇಡೀ ಕುಟುಂಬವೇ ಲಂಡನ್ನಿಗೋ ಒಮಾನಿನ ಸಲಾಲಾಗೋ ಹೊರಡುತ್ತದೆ. ಮೇ ತಿಂಗಳ ಕೊನೆಯಲ್ಲಿ ನಮ್ಮ ಆಫೀಸಿನ ಫೋನಿಗೆ ಪುರುಸೊತ್ತಿರುವುದಿಲ್ಲ. ಅಲ್-ರಯ್ಯಾನ್‌ನಲ್ಲಿ ಒಬ್ಬರು ಹಿರಿಯರು ನಾನು ಕೀಪ್ಯಾಡ್ ಹಚ್ಚುವುದನ್ನೇ ನೋಡುತ್ತ ಕೂತು, ಅರ್ಧ ಅರಬಿ ಅರ್ಧ ಹಿಂದಿಯಲ್ಲಿ, "ಸದೀಖ್, ನನ್ನ ಅಪ್ಪನ ಮನೆಗೆ ಬೀಗವೇ ಇರಲಿಲ್ಲ" ಎಂದಿದ್ದರು. ಹೇಳಿ ಮುಗಿಸಿ ಕೋಡ್ ಹೇಗೆ ಬದಲಾಯಿಸುವುದು ಎಂದೂ ಕೇಳಿಕೊಂಡರು.

ಈ ಅಲಾರಂ ಯಂತ್ರದ ಹುಟ್ಟು ದೂರದ್ದು. 1853ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಅಗಸ್ಟಸ್ ಪೋಪ್ ಎಂಬಾತ ಬಾಗಿಲು ತೆರೆದರೆ ಬಡಿಯುವ ವಿದ್ಯುತ್ ಗಂಟೆಗೆ ಪೇಟೆಂಟ್ ಪಡೆದ. ಎಡ್ವಿನ್ ಹೋಮ್ಸ್ ಎಂಬ ವ್ಯಾಪಾರಿ ಅದನ್ನು ಕೊಂಡು ವ್ಯವಹಾರ ಮಾಡಿ ತೋರಿಸಿದ. ಪೋಪ್‌ನ ಗಂಟೆಯಲ್ಲಿ ಬಾಗಿಲು ತೆರೆದಾಗ ಸರ್ಕಿಟ್ ಕೂಡಿಕೊಳ್ಳುತ್ತಿತ್ತು. ಹಾಗಾದರೆ ತಂತಿ ಕತ್ತರಿಸಿದ ಕಳ್ಳ ಗೆದ್ದ! ಇಂದಿನ ವೈರಿಂಗ್ ಇದಕ್ಕೆ ತಿರುಗುಮುರುಗು. ಬಾಗಿಲು ಮುಚ್ಚಿರುವಷ್ಟು ಹೊತ್ತೂ ಸಣ್ಣ ಕರೆಂಟು ಹರಿಯುತ್ತಲೇ ಇರುತ್ತದೆ. ಬಾಗಿಲು ತೆರೆದರೂ ತಂತಿ ತುಂಡಾದರೂ ಹರಿವು ನಿಂತು ಸೈರನ್ ಕೂಗುತ್ತದೆ. ಬಾಗಿಲ ಚೌಕಟ್ಟಿಗೆ ನಾವು ಹಾಕುವ ರೀಡ್ ಸ್ವಿಚ್ಚನ್ನು ರೂಪಿಸಿದ್ದು ಬೆಲ್ ಲ್ಯಾಬ್ಸ್‌ನ ವಾಲ್ಟರ್ ಎಲ್ವುಡ್, 1936ರಲ್ಲಿ, ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸಕ್ಕಾಗಿ. ಗಾಜಿನ ಸಣ್ಣ ನಳಿಕೆಯೊಳಗೆ ಎರಡು ತೆಳು ತಗಡು. ಕದದಲ್ಲಿರುವ ಮ್ಯಾಗ್ನೆಟ್ ಹತ್ತಿರವಿದ್ದರೆ ಕೂಡುತ್ತವೆ, ದೂರವಾದರೆ ಬಿಡುತ್ತವೆ. ಗಾಜನ್ನು ಸೀಲ್ ಮಾಡಿರುವುದರಿಂದ ದೋಹಾದ ಧೂಳಾಗಲಿ ಉಪ್ಪುಗಾಳಿಯಾಗಲಿ ಒಳಗೆ ಹೋಗುವುದಿಲ್ಲ. ಕಬ್ಬಿಣದ ಗೇಟಿಗೆ ಮಾತ್ರ ಸಾದಾ ಕಾಂಟ್ಯಾಕ್ಟ್ ಸಾಲದು, ಕಬ್ಬಿಣವೇ ಮ್ಯಾಗ್ನೆಟ್ಟಿನ ಶಕ್ತಿಯನ್ನು ಎಳೆದುಕೊಳ್ಳುತ್ತದೆ. ಅದಕ್ಕೆ ಹೆಚ್ಚು ಗ್ಯಾಪ್ ತಡೆಯುವ ದಪ್ಪ ಕಾಂಟ್ಯಾಕ್ಟ್ ಬೇರೆಯೇ ಬರುತ್ತದೆ. ಸಾಗುವಾನಿ ಕದಕ್ಕೆ ಈ ತಾಪತ್ರಯವಿಲ್ಲ.

ವೈರಿಂಗಿನಲ್ಲಿ ನಾನು ಹುಡುಗರನ್ನು ಸತಾಯಿಸುವುದು ಒಂದೇ ವಿಷಯಕ್ಕೆ: ಎಂಡ್ ಆಫ್ ಲೈನ್ ರೆಸಿಸ್ಟರ್. ಅಕ್ಕಿಕಾಳಿಗಿಂತ ತುಸು ದಪ್ಪಗಿರುವ ಈ ವಸ್ತು ಲೂಪಿನ ಕೊನೆಯಲ್ಲಿ, ಸೆನ್ಸರಿನ ಡಬ್ಬಿಯೊಳಗೆ ಇರಬೇಕು. ಕೆಲವು ಪ್ಯಾನಲ್‌ಗೆ 1ಕೆ (ಕಿಲೋಓಮ್), ಕೆಲವಕ್ಕೆ 2.2ಕೆ, ಕೆನಡಾದ ಡಿಎಸ್‌ಸಿ ಕಂಪನಿಯದಕ್ಕೆ 5.6ಕೆ. ಪ್ಯಾನಲ್ ಸದಾ ಆ ಅಳತೆಯನ್ನು ನೋಡುತ್ತಿರುತ್ತದೆ. ತಂತಿ ಕತ್ತರಿಸಿದರೆ ಅಳತೆ ಏರುತ್ತದೆ, ಎರಡು ತಂತಿಯ ತೊಗಲು ಸುಲಿದು ಹೆಣೆದುಬಿಟ್ಟರೆ ಸೊನ್ನೆಗೆ ಇಳಿಯುತ್ತದೆ; ಎರಡೂ ಗೊತ್ತಾಗುತ್ತವೆ. ಆದರೆ ಏಣಿ ಹತ್ತಿ ಸೆನ್ಸರ್ ಬಿಚ್ಚಿ ಹಾಕಲು ಬೇಜಾರಾಗಿ ಎಷ್ಟೋ ಮಂದಿ ರೆಸಿಸ್ಟರನ್ನು ಪ್ಯಾನಲ್ಲಿನ ಟರ್ಮಿನಲ್‌ನಲ್ಲೇ ಸಿಕ್ಕಿಸಿಬಿಡುತ್ತಾರೆ. ಅಲಾರಂ ಆಗಲೂ ಕೆಲಸ ಮಾಡುತ್ತದೆ, ಟೆಸ್ಟಿಂಗ್‌ನಲ್ಲಿ ಪಾಸಾಗುತ್ತದೆ, ಬಿಲ್ಲೂ ಪಾಸಾಗುತ್ತದೆ. ಆದರೆ ಆಮೇಲೆ ಯಾರಾದರೂ ಹೊರಗೆ ತಂತಿ ಹೆಣೆದರೆ ಪ್ಯಾನಲ್ಲಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕಾರ್ಕಳದ ಹುಡುಗನೊಬ್ಬ, "ಅಣ್ಣಾ, ಅಷ್ಟೆಲ್ಲ ಗೊತ್ತಿರುವ ಕಳ್ಳ ಇಲ್ಲಿಗೆ ಯಾಕೆ ಬರುತ್ತಾನೆ?" ಎಂದ. ವಾದ ಸರಿ. ಆದರೂ ಏಣಿ ಹತ್ತಿಸಿದೆ.

ಮೋಷನ್ ಸೆನ್ಸರ್ ಇನ್ನೂ ಸ್ವಾರಸ್ಯದ್ದು. ನಾವು ಹಾಕುವ ಪಿಐಆರ್ (ಪ್ಯಾಸಿವ್ ಇನ್‌ಫ್ರಾರೆಡ್) ಸೆನ್ಸರ್ ಏನನ್ನೂ ಹೊರಗೆ ಬಿಡುವುದಿಲ್ಲ, ಬರುವ ಶಾಖವನ್ನು ಕಾಯುತ್ತದೆ. ಮನುಷ್ಯನ ಮೈಯಿಂದ ಹೊರಡುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಅದರ ಬೇಟೆ. ಮುಂದಿನ ಬಿಳಿ ಪ್ಲಾಸ್ಟಿಕ್ ಲೆನ್ಸ್ ಕೋಣೆಯನ್ನು ಪಟ್ಟಿಪಟ್ಟಿಯಾಗಿ ಸೀಳುತ್ತದೆ. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಬಿಸಿ ಸರಿದರೆ ಒಳಗಿನ ಜೋಡಿ ಎಲಿಮೆಂಟ್‌ಗೆ ವ್ಯತ್ಯಾಸ ತಿಳಿಯುತ್ತದೆ. ಹಾಗಾಗಿ ಅಡ್ಡ ನಡೆದವನು ಬೇಗ ಸಿಗುತ್ತಾನೆ, ನೇರ ಎದುರಿಗೆ ಬಂದವನು ತಡವಾಗಿ. ಬಾಗಿಲಿಗೆ ಎದುರಾಗಿ ಇಡದೆ ಪಕ್ಕದ ಮೂಲೆಗೆ, ಎರಡು ಮೀಟರಿಗಿಂತ ತುಸು ಮೇಲೆ ಇಡುವುದು ಇದಕ್ಕೇ.

ಈಗ ದೋಹಾದ ಬೇಸಿಗೆಯನ್ನು ತನ್ನಿ. ಎಸಿ ಆಫ್ ಮಾಡಿ ಮನೆಯವರು ಹೊರಟರೆ ಆಗಸ್ಟಿನಲ್ಲಿ ಮನೆಯೊಳಗಿನ ಗೋಡೆಯೇ ಮೈಯಷ್ಟು ಬಿಸಿಯಾಗುತ್ತದೆ. ಬಿಸಿ ಗೋಡೆಯ ಮುಂದೆ ಬಿಸಿ ಮನುಷ್ಯ ನಡೆದರೆ ಪಿಐಆರ್‌ಗೆ ಗುರುತು ಹತ್ತುವುದು ಕಷ್ಟ. ಮನೆ ಖಾಲಿ ಇರುವ ತಿಂಗಳುಗಳಲ್ಲೇ ಕಾವಲುಗಾರನಿಗೆ ಮಬ್ಬು! ಎಸಿ ಹಾಕಿಯೇ ಹೊರಟರೆ ಇನ್ನೊಂದು ಕತೆ. ಕತಾರಿ ಪ್ರಜೆಗಳಿಗೆ ಸ್ವಂತ ವಾಸದ ಮನೆಯ ಕರೆಂಟು ಉಚಿತ, ಹಾಗಾಗಿ ಎಸಿ ಓಡುತ್ತಲೇ ಇರುವುದು ಸಾಮಾನ್ಯ. ತಂಪು ಗಾಳಿಗೆ ಪರದೆ ಅಲ್ಲಾಡಿ, ಬಿಸಿಲು ಬಡಿದ ಕಿಟಕಿಯ ಮುಂದೆ ಸರಿದಾಡಿ ಸುಳ್ಳು ಅಲಾರಂ. ಕೋಣೆಯ ಬಿಸಿಗೆ ಹೊಂದಿಕೊಂಡು ಸೂಕ್ಷ್ಮತೆ ಏರಿಸಿಕೊಳ್ಳುವ ಸೆನ್ಸರ್‌ಗಳೂ, ಮೈಕ್ರೋವೇವ್ ಕೂಡಿಸಿದ ಜೋಡಿ ಸೆನ್ಸರ್‌ಗಳೂ ಬಂದ ಮೇಲೆ ಕಾಟ ಕಡಿಮೆಯಾಗಿದೆ. ಬೇಸಿಗೆ ಕಾಡುವುದು ಸೆನ್ಸರನ್ನಷ್ಟೇ ಅಲ್ಲ, ನಮ್ಮನ್ನೂ. ಹೊರಗೆ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬುದು 2021ರ ನಿಯಮ. ಫಾಲ್ಸ್ ಸೀಲಿಂಗಿನ ಮೇಲೆ ಹೊಟ್ಟೆಯ ಮೇಲೆ ತೆವಳಿ ಕೇಬಲ್ ಎಳೆಯುವವನಿಗೆ ಬಿಸಿಲಿಲ್ಲ, ನಿಜ. ಗಾಳಿಯೂ ಇಲ್ಲ.

2017ರ ಜೂನ್‌ನಲ್ಲಿ ನೆರೆಯ ದೇಶಗಳು ಕತಾರಿಗೆ ದಿಗ್ಬಂಧನ ಹಾಕಿದಾಗ ಸ್ವಲ್ಪ ಕಾಲ ಸೆನ್ಸರೇ ಇರಲಿಲ್ಲ. ದುಬೈಯ ಜೆಬೆಲ್ ಅಲಿಯಿಂದ ಬರಬೇಕಾದ ಸರಕು ಒಮಾನ್ ಸುತ್ತಿಕೊಂಡು ಬಂತು. ಅಲ್ಲಿಯತನಕ ಹಳೆಯ ಪ್ಯಾನಲ್ ರಿಪೇರಿ ಮಾಡಿ ದಿನ ತಳ್ಳಿದೆವು.

ಎಲ್ಲರಿಗೂ ಈಗ ಬೇಕಾಗಿರುವುದು ಕ್ಯಾಮೆರಾ. 2011ರ 9ನೇ ಕಾನೂನು ಬಂದ ಮೇಲೆ ಕತಾರಿನಲ್ಲಿ ಕ್ಯಾಮೆರಾ ಕೆಲಸಕ್ಕೆ ಗೃಹ ಸಚಿವಾಲಯದ ಒಪ್ಪಿಗೆ ಬೇಕು. ಮಲಗುವ ಕೋಣೆ, ಬಟ್ಟೆ ಬದಲಿಸುವ ಕೋಣೆ, ಶೌಚಾಲಯಗಳಲ್ಲಿ ಅದನ್ನು ಇಡಕೂಡದೆಂದೂ ಆ ಕಾನೂನು ಹೇಳುತ್ತದೆ. ನನ್ನ ಮಟ್ಟಿಗೆ ಈ ನಾಡಿನ ಮನೆಗೆ ಹೊಂದುವುದು ಪಿಐಆರೇ. ಯಾರೋ ಬಂದರು ಎಂದಷ್ಟೇ ಅದಕ್ಕೆ ಗೊತ್ತು, ಮುಖ ಗೊತ್ತಿಲ್ಲ. ಬಾಗಿಲೆದುರು ಗೋಡೆ ಕಟ್ಟಿ ಅಂಗಳ ಮರೆಮಾಡಿದ ಜನಕ್ಕೆ ಇದಕ್ಕಿಂತ ಮರ್ಯಾದಸ್ತ ಕಾವಲು ಇನ್ನೇನು ಬೇಕು?

ಆದರೆ ಸೆನ್ಸರ್ ಎತ್ತ ಮುಖ ಮಾಡಿದೆ ಎಂಬುದೂ ಒಂದು ಪ್ರಶ್ನೆ. ಕೆಲವು ಮನೆಗಳಲ್ಲಿ ಕೆಲಸದಾಕೆಯ ಕೋಣೆಯ ಬಾಗಿಲಿಗೂ ಕಾಂಟ್ಯಾಕ್ಟ್ ಹಾಕು ಎನ್ನುತ್ತಾರೆ, ರಾತ್ರಿ ಆಕೆ ಹೊರಬಂದರೆ ಯಜಮಾನಿಗೆ ಗೊತ್ತಾಗಬೇಕಂತೆ. ಹಾಕಿದ್ದೇನೆ; ಮಾಡದಿದ್ದರೆ ಇನ್ನೊಬ್ಬ ಮಾಡುತ್ತಾನೆ. ಇಷ್ಟಪಟ್ಟು ಮಾಡಿದ ಕೆಲಸವಲ್ಲ, ಮಾಡುವಾಗ ಮುಶೈರಿಬ್ ನೆನಪಾಗುತ್ತದೆ. ರದ್ವಾನಿ ಮನೆಯ ನೆರೆಯಲ್ಲೇ ಇರುವ ಬಿನ್ ಜೆಲ್ಮೂದ್ ಮನೆಯನ್ನು ಗುಲಾಮಗಿರಿಯ ಚರಿತ್ರೆಗೆ ಮೀಸಲಿಟ್ಟಿದ್ದಾರೆ. ಕತಾರಿನಲ್ಲಿ ಗುಲಾಮಗಿರಿ ರದ್ದಾದದ್ದು 1952ರಲ್ಲಿ. ಮನೆಗೆಲಸದವರಿಗೆಂದು ಪ್ರತ್ಯೇಕ ಕಾನೂನು ಬಂದದ್ದು 2017ರಲ್ಲಿ, ದೇಶ ಬಿಡಲು ಧಣಿಯ ಸಹಿ ಬೇಕೆಂಬ ನಿಯಮದಿಂದ ಅವರಿಗೆ ಬಿಡುಗಡೆ ಸಿಕ್ಕಿದ್ದು 2020ರ ಜನವರಿಯಲ್ಲಿ. ನಮ್ಮಂಥ ಕಂಪನಿ ನೌಕರರಿಗೆ ಅದಕ್ಕಿಂತ ಮೊದಲೇ, 2018ರಲ್ಲಿ ಸಿಕ್ಕಿತ್ತು.

ಈಗ ನಮ್ಮ ಊರಿನವರೂ ಕೇಳುತ್ತಾರೆ. ಉಡುಪಿ, ಕುಂದಾಪುರ, ಬಂಟ್ವಾಳದ ಕಡೆ ಗಲ್ಫ್ ದುಡ್ಡಿನಲ್ಲಿ ಕಟ್ಟಿದ ದೊಡ್ಡ ಮನೆಗಳಲ್ಲಿ ವಯಸ್ಸಾದ ತಂದೆತಾಯಿ ಇಬ್ಬರೇ, ಕೆಲವುಗಳಲ್ಲಿ ಯಾರೂ ಇಲ್ಲ. ಅಲಾರಂ ಹಾಕಿಸುವುದಾದರೆ ಖಂಡಿತ ಹಾಕಿಸಿ. ಕೆಲಸ ಮುಗಿದ ದಿನ ಒಂದು ಸೆನ್ಸರ್ ಬಿಚ್ಚಿಸಿ, ರೆಸಿಸ್ಟರ್ ಒಳಗಿದೆಯೇ ಎಂದು ನಿಮ್ಮ ಕಣ್ಣಾರೆ ನೋಡಿ. ನಮ್ಮ ಕಡೆ ಕರೆಂಟು ಹೋಗುವುದು ಹೆಚ್ಚು, ಪ್ಯಾನಲ್ಲಿನ ಬ್ಯಾಟರಿಯನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಿಸಿ. ಅಲಾರಂ ಹೊಡೆದರೆ ಫೋನ್ ಹೋಗಬೇಕಾದ ನಂಬರುಗಳ ಪಟ್ಟಿಯಲ್ಲಿ ದೋಹಾದಲ್ಲಿರುವ ಮಗನ ನಂಬರನ್ನು ಮೊದಲು ಹಾಕಬೇಡಿ, ಅವನು ಅಲ್ಲಿಂದ ಓಡಿ ಬರಲಾರ. ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ, ಅವರ ನಂಬರನ್ನು ಮೊದಲು ಬರೆಸಿ.