ಚೀಲದ ತೂಕ, ಮಳೆಗಾಲದ ತೇವ, ಎಫ್ ಕೀಲಿ: ಕಾಫಿಸೀಮೆಗೆ ಸಣ್ಣ ಲ್ಯಾಪ್‌ಟಾಪ್ ಆರಿಸುವುದರ ಕುರಿತು ಒಂದು ಟಿಪ್ಪಣಿ

ಲ್ಯಾಪ್‌ಟಾಪ್ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿರುವ ತೂಕದಲ್ಲಿ ಚಾರ್ಜರ್ ಸೇರಿರುವುದಿಲ್ಲ. ಇದು ಅಂಗಡಿಯಲ್ಲಿ ನಿಂತಾಗ ಗಮನಕ್ಕೆ ಬರುವುದಿಲ್ಲ. ಚಿಕ್ಕಮಗಳೂರಿನಲ್ಲಿ ಬಸ್ಸು ಹತ್ತಿ, ಮೂಡಿಗೆರೆಯಲ್ಲಿ ಇಳಿದು, ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಹೋಗುವ ಇನ್ನೊಂದು ಬಸ್ಸಿನಲ್ಲಿ ಸೀಟು ಸಿಗದೆ ಕಂಬಿ ಹಿಡಿದು ನಿಂತಾಗ ಬರುತ್ತದೆ. 1.2 ಕಿಲೋ ಎಂದು ಕೊಂಡ ಯಂತ್ರಕ್ಕೆ ಹಳೆಯ ಕಾಲದ ಇಟ್ಟಿಗೆಯಂಥ ಚಾರ್ಜರ್ ಮತ್ತು ಅದರ ದಪ್ಪ ವೈರು ಸೇರಿದರೆ ಮುನ್ನೂರರಿಂದ ನಾನೂರು ಗ್ರಾಂ ಹೆಚ್ಚು. ಹೆಗಲಿನ ಮಟ್ಟಿಗೆ ಅದು 1.6 ಕಿಲೋದ ಯಂತ್ರವೇ.

ಈ ಟಿಪ್ಪಣಿಯ ವಾದ ಇಷ್ಟು: ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಗುಡ್ಡಗಳಲ್ಲಿ ಓಡಾಡುವವರು ಅಗ್ಗದ ಸಣ್ಣ ಲ್ಯಾಪ್‌ಟಾಪನ್ನು ಗ್ರಾಂ ಲೆಕ್ಕದಲ್ಲಿ ಆರಿಸಬಾರದು. ಕರೆಂಟು, ತೇವ, ಕನ್ನಡದ ಬರಹ ಈ ಮೂರನ್ನೂ ನೋಡಿಕೊಂಡ ಮೇಲೆ ತೂಕದ ಮಾತು.

ಓಡಾಡುವವರು ಯಾರು? ತೋಟದ ರೈಟರ್ ಇದ್ದಾರೆ. ಆಳುಗಳ ಹಾಜರಿಯ ಚೆಕ್‌ರೋಲ್ ಪುಸ್ತಕ ಇಂದಿಗೂ ಕಾಗದದಲ್ಲೇ ಇರಬಹುದು, ಆದರೆ ವಾರದ ಬಟವಾಡೆಯ ಲೆಕ್ಕ ಎಕ್ಸೆಲ್‌ಗೆ ಬಂದಿದೆ. ಪದವಿ ಓದುವ ಮಕ್ಕಳಿದ್ದಾರೆ. ನನ್ನಂತೆ ಊರೂರು ತಿರುಗಿ ಹಳೆಯ ಕಡತ, ಜನರ ಮಾತು ಬರೆದುಕೊಳ್ಳುವವರಿದ್ದಾರೆ. ಈಚೆಗೆ ಸಣ್ಣ ಬೆಳೆಗಾರರೂ ಈ ಸಾಲಿಗೆ ಸೇರಿದ್ದಾರೆ. ಅರಣ್ಯನಾಶದ ವಿರುದ್ಧ ಐರೋಪ್ಯ ಒಕ್ಕೂಟ 2023ರಲ್ಲಿ ತಂದ ನಿಯಮದ ಪ್ರಕಾರ ಅಲ್ಲಿಗೆ ಹೋಗುವ ಕಾಫಿ ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು. 4 ಹೆಕ್ಟೇರಿಗಿಂತ ದೊಡ್ಡ ಜಾಗವಾದರೆ ಅದರ ಗಡಿಯನ್ನೇ ಗುರುತಿಸಬೇಕು. ಗಡಿ ಸುತ್ತಿ ಬಿಂದು ಹಿಡಿಯಲು ಫೋನು ಸಾಕು. ಹಿಡಿದದ್ದು ಪಕ್ಕದವರ ಗದ್ದೆಯನ್ನೂ ನುಂಗಿದೆಯೇ ಎಂದು ನೋಡಲು ಫೋನಿನ ಪರದೆ ಸಾಲದು.

ಅಗ್ಗ, ಸಣ್ಣ, ಕನ್ನಡ ಬಲ್ಲದ್ದು ಎಂಬ ಮೂರನ್ನೂ ಒಂದೇ ಯಂತ್ರದಲ್ಲಿ ಕೇಳಿದ್ದು ನಾವೇ ಮೊದಲಲ್ಲ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಕಂಪೆನಿಯ ವಿನಯ್ ದೇಶಪಾಂಡೆ ಮತ್ತು ಸಂಗಡಿಗರೂ ಸೇರಿ ರೂಪಿಸಿದ ಸಿಂಪ್ಯೂಟರ್ ಇದೇ ಪ್ರಶ್ನೆಗೆ ಉತ್ತರವಾಗಿತ್ತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಒಂದೇ ಯಂತ್ರವನ್ನು ಊರಿನ ಹತ್ತು ಜನ ಬಳಸಲಿ, ಅವರವರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿರಲಿ ಎಂಬ ಯೋಚನೆ ಅದರಲ್ಲಿತ್ತು. ಅದಕ್ಕಾಗಿಯೇ ಹುಟ್ಟಿದ 'ಧ್ವನಿ' ಎಂಬ ತಂತ್ರಾಂಶ ಕನ್ನಡ ಪಠ್ಯವನ್ನು ಓದಿ ಹೇಳುತ್ತಿತ್ತು. 2004ರಲ್ಲಿ ಅದು 'ಅಮಿಡಾ' ಹೆಸರಿನಲ್ಲಿ ಹತ್ತು ಸಾವಿರ ರೂಪಾಯಿಯ ಆಸುಪಾಸಿನಿಂದ ಮಾರುಕಟ್ಟೆಗೆ ಬಂತು. ತಯಾರಿಸಿದ್ದು ಭಾರತ್ ಎಲೆಕ್ಟ್ರಾನಿಕ್ಸ್. ಮಾರಾಟ ಮಾತ್ರ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. ಕಾರಣ ಹಲವಿರಬಹುದು. ನನಗೆ ಮುಖ್ಯವಾಗಿ ಕಾಣುವುದು ಒಂದು: ಅದಕ್ಕೆ ಕೀಲಿಮಣೆ ಇರಲಿಲ್ಲ. ಓದುವವರಿಗೆ ಅದು ಸಲ್ಲುತ್ತಿತ್ತು, ಬರೆಯುವವರಿಗಲ್ಲ.

ಬರೆಯುವವರ ಪರವಾಗಿ ಮಾತಾಡಿದವರು ಮೂಡಿಗೆರೆಯಲ್ಲೇ ಇದ್ದರು. ನಿರುತ್ತರ ತೋಟದ ಪೂರ್ಣಚಂದ್ರ ತೇಜಸ್ವಿ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ಹಿಡಿದು ಕೂತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಬಂದ ಕುವೆಂಪು ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. ಯಂತ್ರ ಎಷ್ಟು ಚೆಂದವಿದ್ದರೇನು, ಅದು ಕನ್ನಡಕ್ಕೆ ಒಗ್ಗದಿದ್ದರೆ ನಮಗೇಕೆ ಎಂಬ ಅವರ ಹಠವೇ ಈ ಟಿಪ್ಪಣಿಗೂ ಅಳತೆಗೋಲು. ಅವರು ತೀರಿಕೊಂಡದ್ದು 2007ರ ಏಪ್ರಿಲ್ 5ರಂದು. ಅದೇ ವರ್ಷದ ಅಕ್ಟೋಬರಿನಲ್ಲಿ ತೈವಾನಿನ ಏಸಸ್ ಕಂಪೆನಿ ಈ-ಪಿಸಿ 701 ಎಂಬ ಏಳಂಗುಲದ, ಒಂದು ಕಿಲೋಗೂ ಕಡಿಮೆ ತೂಕದ ಯಂತ್ರ ತಂದಿತು. ನೆಟ್‌ಬುಕ್ ಎಂಬ ಜಾತಿ ಶುರುವಾದದ್ದು ಅಲ್ಲಿಂದ.

ಆ ಯಂತ್ರದಲ್ಲಿ ಒಂದು ದೋಷವಿತ್ತು. ಜಾಗ ಉಳಿಸಲು ಬಲಗಡೆಯ ಶಿಫ್ಟ್ ಕೀಲಿಯನ್ನು ಮೇಲ್ಬಾಣದ ಕೀಲಿಯಿಂದಲೂ ಆಚೆಗೆ ತಳ್ಳಿದ್ದರು. ಇಂಗ್ಲಿಷಿನವರಿಗೆ ಇದು ಕಿರಿಕಿರಿ ಮಾತ್ರ. ಅವರಿಗೆ ಶಿಫ್ಟ್ ಬೇಕಾಗುವುದು ವಾಕ್ಯದ ಮೊದಲಲ್ಲಿ, ಹೆಸರಿನ ಮೊದಲಲ್ಲಿ. ಕೆ. ಪಿ. ರಾವ್ ರೂಪಿಸಿದ, ಕಗಪ ಎಂದು ಕರೆಯುವ ಕೀಲಿಮಣೆ ವಿನ್ಯಾಸದಲ್ಲಿ ಬೆರಳಚ್ಚು ಮಾಡುವ ಕನ್ನಡಿಗರ ಪಾಡು ಬೇರೆ. ಅಲ್ಲಿ 26 ಕೀಲಿಗಳಲ್ಲೇ ಇಡೀ ವರ್ಣಮಾಲೆ. ಆ, ಈ, ಊ ಎಂಬ ದೀರ್ಘಕ್ಕೆ ಶಿಫ್ಟ್, ಖ, ಘ, ಭ ಎಂಬ ಮಹಾಪ್ರಾಣಕ್ಕೆ ಶಿಫ್ಟ್, ಣಕ್ಕೂ ಳಕ್ಕೂ ಶಿಫ್ಟ್. ಒತ್ತಕ್ಷರ ಬೇಕೆಂದರೆ ನಡುವೆ ಎಫ್ ಕೀಲಿ. ಕನ್ನಡದ ಒಂದು ಪುಟ ಬರೆದು ಮುಗಿಸುವಷ್ಟರಲ್ಲಿ ಈ ಎರಡು ಕೀಲಿಗಳು ತಿನ್ನುವ ಪೆಟ್ಟಿಗೆ ಲೆಕ್ಕವಿಲ್ಲ. ಸಣ್ಣ ಲ್ಯಾಪ್‌ಟಾಪಿನ ವಿಮರ್ಶೆ ಬರೆಯುವ ಹೊರಗಿನವರು ಇದನ್ನು ಹೇಳುವುದಿಲ್ಲ, ಅವರಿಗೆ ಅದರ ಗರಜೂ ಇಲ್ಲ. ಹೇಳಬೇಕಾದವರು ನಾವು.

ಪರದೆಯ ವಿಷಯದಲ್ಲೂ ಹೀಗೇ. ಅಂಗಡಿಯವರು ಹೇಳುವ ಅಂಗುಲ ಪರದೆಯ ಮೂಲೆಯಿಂದ ಮೂಲೆಗೆ. ಕನ್ನಡಕ್ಕೆ ಬೇಕಾದದ್ದು ಎತ್ತರ. ನಮ್ಮ ಲಿಪಿಯಲ್ಲಿ ಅಕ್ಷರದ ಕೆಳಗೆ ಒತ್ತು ಇಳಿಯುತ್ತದೆ, 'ರಾಷ್ಟ್ರ', 'ಸ್ತ್ರೀ' ಎಂಬಲ್ಲಿ ಎರಡೆರಡು ಇಳಿಯುತ್ತವೆ. ಸಾಲಿಗೂ ಸಾಲಿಗೂ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಲೇಬೇಕು. ಹಾಗಾಗಿ ಅಡ್ಡಗಲದ ಪರದೆಯಲ್ಲಿ ಕನ್ನಡದ ಸಾಲುಗಳು ಬೇಗ ಮುಗಿದುಹೋಗುತ್ತವೆ. ಲೆಕ್ಕ ಹಾಕಿ ನೋಡಬಹುದು. 16:9 ಅನುಪಾತದ 11.6 ಅಂಗುಲದ ಪರದೆಯ ಎತ್ತರ ಸುಮಾರು 14.4 ಸೆಂ.ಮೀ., 12.5 ಅಂಗುಲದ್ದು 15.6, 14 ಅಂಗುಲದ್ದು 17.4. ಅದೇ 16:10 ಅನುಪಾತದ 13.3 ಅಂಗುಲದ ಪರದೆ 17.9 ಸೆಂ.ಮೀ. ಎತ್ತರವಿದೆ. ಎಂದರೆ 14 ಅಂಗುಲಕ್ಕಿಂತ ಅದು ಎತ್ತರ, ಅಗಲದಲ್ಲಿ ಮಾತ್ರ ಎರಡು ಸೆಂಟಿಮೀಟರಿಗೂ ಹೆಚ್ಚು ಕಡಿಮೆ. ಚೀಲಕ್ಕೆ ಚಿಕ್ಕದು, ಕಣ್ಣಿಗೆ ದೊಡ್ಡದು. ಕೈಯಲ್ಲಿ ದುಡ್ಡಿದ್ದವರು 16:10 ಅನುಪಾತವನ್ನೇ ಹುಡುಕಲಿ. 1366×768 ಎಂಬ ಅಂಕಿ ಕಂಡರೆ, ಮೇಲಿನ ಪಟ್ಟಿ ಕೆಳಗಿನ ಪಟ್ಟಿ ಕಳೆದು ಉಳಿಯುವ ಕಿಂಡಿಯಲ್ಲಿ ಕನ್ನಡ ಓದುವ ಕಷ್ಟ ನೆನಪಿರಲಿ.

ಈಗ ಕರೆಂಟು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬೀಳುವುದು, ಲೈನ್‌ಮನ್ ಬಂದು ಕಡಿದು ಎತ್ತುವ ತನಕ ಇಡೀ ಊರು ಕತ್ತಲಲ್ಲಿರುವುದು ಇಲ್ಲಿಯ ಮಾಮೂಲು. ಮನೆಯ ಹಿಂದಿನ ಹಳ್ಳಕ್ಕೆ ಪೈಪು ಹಾಕಿ ಕಿರು ಟರ್ಬೈನ್ ತಿರುಗಿಸುವವರು ಪುಣ್ಯವಂತರು, ಉಳಿದವರಿಗೆ ಇನ್ವರ್ಟರ್. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ ಹೆಸರಿಗೆ 1,800 ವ್ಯಾಟ್-ಅವರ್. ಬರಹದ ಕೆಲಸಕ್ಕೆ ಸಣ್ಣ ಲ್ಯಾಪ್‌ಟಾಪ್ ಗಂಟೆಗೆ ಏಳೆಂಟು ವ್ಯಾಟ್-ಅವರ್ ಕುಡಿಯುತ್ತದೆ. ಆದ್ದರಿಂದ ಮನೆಯಲ್ಲಿದ್ದಾಗ ಚಿಂತೆಯಿಲ್ಲ. ಚಿಂತೆ ಇರುವುದು ದಾರಿಯಲ್ಲಿ. ಬಸ್ಸಿನ ಸೀಟಿನ ಪಕ್ಕದ ಮಾಮೂಲಿ ಯುಎಸ್‌ಬಿ ಕಿಂಡಿ 5 ವೋಲ್ಟಿನಲ್ಲಿ ಹೆಚ್ಚೆಂದರೆ 10 ವ್ಯಾಟ್ ಕೊಟ್ಟೀತು; ಲ್ಯಾಪ್‌ಟಾಪ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೇಕಾದದ್ದು ಯುಎಸ್‌ಬಿ-ಸಿ ಮೂಲಕ 20 ವೋಲ್ಟಿನಲ್ಲಿ ಚಾರ್ಜ್ ಆಗುವ ಯಂತ್ರ. ಆಗ ಫೋನಿಗೂ ಲ್ಯಾಪ್‌ಟಾಪಿಗೂ ಒಂದೇ ಚಾರ್ಜರ್, ಇಟ್ಟಿಗೆ ಮನೆಯಲ್ಲೇ ಉಳಿಯುತ್ತದೆ. ಜೀಪಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವ ಯುಎಸ್‌ಬಿ-ಸಿ ಚಾರ್ಜರಿನಿಂದಲೂ ಅದು ತುಂಬಿಕೊಳ್ಳುತ್ತದೆ. ಕೇಬಲ್ ಕೊಳ್ಳುವಾಗ ಮಾತ್ರ ಎಚ್ಚರ: 60 ವ್ಯಾಟ್ ದಾಟಬೇಕಾದರೆ 5 ಆಂಪಿಯರ್ ತಾಳುವ, ಗುರುತಿನ ಚಿಪ್ ಇರುವ ಕೇಬಲ್ಲೇ ಆಗಬೇಕು. ಫೋನಿನ ಜೊತೆ ಬಂದ ಕೇಬಲ್ ಹಾಕಿ ಚಾರ್ಜರನ್ನು ಬೈಯುವುದು ಸಾಮಾನ್ಯ ತಪ್ಪು. ನಾನೂ ಮಾಡಿದ್ದೇನೆ.

ತೇವದ ಮಾತು ಹೆಚ್ಚು ಬರೆಯಬೇಕಾದದ್ದು. ಇಲ್ಲಿಯವರು ಮಳೆಯನ್ನು ಇಂಚು, ಸೆಂಟಿನಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ಪಾರ್ಚ್‌ಮೆಂಟ್ ಕಾಫಿಯನ್ನು ಹತ್ತು ಹನ್ನೊಂದು ಶೇಕಡಾ ತೇವಕ್ಕೆ ಇಳಿಯುವ ತನಕ ಕಣದಲ್ಲಿ ಕೈಯಾಡಿಸುತ್ತಾರೆ, ಒಂದು ಮೋಡ ಕಂಡರೆ ಟಾರ್ಪಾಲು ಎಳೆಯುತ್ತಾರೆ. ಅದೇ ಮನೆಯಲ್ಲಿ ಲ್ಯಾಪ್‌ಟಾಪು ಜುಲೈ ಪೂರ್ತಿ ತಣ್ಣನೆಯ ಗೋಡೆಗೆ ಒರಗಿಕೊಂಡಿರುತ್ತದೆ. ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕದ ರಟ್ಟಿಗೆ ಹಿಡಿಯುವ ಬೂಷ್ಟು ಯಂತ್ರಕ್ಕೆ ಹಿಡಿಯದೆ ಬಿಡುತ್ತದೆಯೇ? ಲೋಹದ ಸಂಪರ್ಕಗಳು ಕಿಲುಬುತ್ತವೆ, ಕೀಲಿಗಳು ಅಂಟುತ್ತವೆ. ಬಳಸದೆ ಇಟ್ಟ ಯಂತ್ರ ಬಳಸಿದ್ದಕ್ಕಿಂತ ಬೇಗ ಕೆಡುವುದು ಈ ಕಾರಣಕ್ಕೆ. ದಿನಕ್ಕೊಂದು ಗಂಟೆ ಓಡಿಸಿದರೆ ಒಳಗಿನ ಬಿಸಿಯೇ ತೇವವನ್ನು ಓಡಿಸುತ್ತದೆ. ಹಳಬರಂತೆ ಒಲೆಯ ಮೇಲಿನ ಅಟ್ಟದಲ್ಲಿಡುವ ಯೋಚನೆ ಬೇಡ. ಹೊಗೆಯ ಜಿಡ್ಡು ಫ್ಯಾನಿನ ಶತ್ರು. ಬಿಗಿ ಮುಚ್ಚಳದ ದೊಡ್ಡ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ, ಬ್ಯಾಟರಿ ಅರ್ಧ ತುಂಬಿದ್ದು: ಒಂದು ವಾರಕ್ಕೆ ಮೀರಿ ಊರು ಬಿಡುವಾಗ ಇಷ್ಟು ಸಾಕು. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಪ್ಲಗ್ ಕಿತ್ತಿಡುವುದನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ.

ಫ್ಯಾನಿಲ್ಲದ ಯಂತ್ರ ತೇವಕ್ಕೂ ಹುಳಕ್ಕೂ ಮೇಲು ಎಂಬ ವಾದವಿದೆ. ಅದರಲ್ಲಿ ಹುರುಳಿದೆ, ಆದರೆ ಅಂಥ ಅಗ್ಗದ ಯಂತ್ರಗಳ ಒಳಗನ್ನು ನೋಡಬೇಕು. 2023ರ ಜುಲೈ ಕೊನೆಗೆ 16,499 ರೂಪಾಯಿಗೆ ಬಂದ ಜಿಯೋಬುಕ್ ತೂಗುವುದು 990 ಗ್ರಾಂ. ತೂಕದ ಲೆಕ್ಕದಲ್ಲಿ ಅದಕ್ಕೇ ಮೊದಲ ಬಹುಮಾನ. ಆದರೆ 4 ಜಿಬಿ ಮೆಮೊರಿ, 64 ಜಿಬಿ ಸಂಗ್ರಹ, 11.6 ಅಂಗುಲದ ಪರದೆ, ವಿಂಡೋಸ್ ಅಲ್ಲದ ಕಾರ್ಯವ್ಯವಸ್ಥೆ. ತರಗತಿ ಕೇಳಲು, ಅರ್ಜಿ ತುಂಬಲು ಅಡ್ಡಿಯಿಲ್ಲ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬರೆದಿಟ್ಟ ಕಡತಗಳು ಮನೆಯಲ್ಲಿ ರಾಶಿ ಇರುವವರಿಗೆ ಅದು ಆಗಿಬರುವುದಿಲ್ಲ. ಯುನಿಕೋಡ್‌ಗೆ ಬಾರದ ಆ ಕಡತಗಳು ಅಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತವೆ.

ನನ್ನ ಒಲವು ಹಳೆಯ ಕಚೇರಿ ಯಂತ್ರಗಳ ಕಡೆಗೆ. ಕಂಪೆನಿಗಳು ಬಳಸಿ ಬಿಟ್ಟ, ತೊಳೆದು ಒರೆಸಿ ಮಾರುವ ಲ್ಯಾಪ್‌ಟಾಪುಗಳು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಾಲಾಗಿ ಸಿಗುತ್ತವೆ. 12.5 ಅಂಗುಲದ ಥಿಂಕ್‌ಪ್ಯಾಡ್ ಎಕ್ಸ್280, ಡೆಲ್ ಲ್ಯಾಟಿಟ್ಯೂಡ್ 7290 ಎರಡೂ 2018ರವು, 1.2 ಕಿಲೋ ಆಸುಪಾಸಿನವು, ಯುಎಸ್‌ಬಿ-ಸಿಯಲ್ಲಿ ಚಾರ್ಜ್ ಆಗುವವು. ಕೀಲಿಮಣೆ ದಿನವಿಡೀ ಬೆರಳಚ್ಚು ಮಾಡುವವರಿಗೆಂದೇ ಮಾಡಿದ್ದು. ಎಕ್ಸ್280ರಲ್ಲಿ ಮೆಮೊರಿ ಬೆಸುಗೆ ಹಾಕಿದ್ದು, ಆದ್ದರಿಂದ 8 ಜಿಬಿ ಇರುವುದನ್ನೇ ನೋಡಿ ಕೊಳ್ಳಬೇಕು, 7290ರಲ್ಲಿ ಬದಲಿಸಬಹುದು. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನ ಎಂಟನೆಯ ತಲೆಮಾರು ಇಲ್ಲವೇ ಅದರಾಚಿನ ಪ್ರೊಸೆಸರ್ ಇರಬೇಕು. ಈ ಎರಡು ಮಾದರಿಗಳಲ್ಲೂ ಏಳನೆಯ ತಲೆಮಾರಿನ ಪ್ರತಿಗಳಿವೆ, ಮೇಲ್ನೋಟಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಲಿನಕ್ಸ್ ಬಳಸುವವರಿಗೆ ಈ ಕಟ್ಟು ಇಲ್ಲ. ಕಗಪ ವಿನ್ಯಾಸ ಅದರಲ್ಲಿ ಜೊತೆಗೇ ಬರುತ್ತದೆ. ಅಂಥವರು ಒಂದು ಹೆಜ್ಜೆ ಹಿಂದಿನ ಎಕ್ಸ್270 ನೋಡಲಿ. ಅದಕ್ಕೆ ಎರಡು ಬ್ಯಾಟರಿ, ಒಂದು ಒಳಗೆ, ಒಂದು ಹೊರಗೆ. ಯಂತ್ರ ಓಡುತ್ತಿರುವಾಗಲೇ ಹೊರಗಿನದನ್ನು ಕಳಚಿ ಇನ್ನೊಂದು ಹಾಕಬಹುದು. ಎರಡು ದಿನ ಕರೆಂಟಿಲ್ಲದ ಊರಿಗೆ ಹೋಗುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ತುಸು ಭಾರ ನಿಜ, ಹೊರಬಹುದು.

ಹಳೆಯದರಲ್ಲಿ ಮೋಸವೂ ಇದೆ. ಒಮ್ಮೆ ನಾನು ಕೊಂಡುತಂದ ಯಂತ್ರದ ತಳ ಮೂರು ತಿಂಗಳಲ್ಲಿ ಉಬ್ಬಿ, ಮೇಜಿನ ಮೇಲೆ ಬುಗುರಿಯಂತೆ ತಿರುಗತೊಡಗಿತು. ಒಳಗಿನ ಬ್ಯಾಟರಿ ಊದಿತ್ತು. ಅಂಗಡಿಯವರು ಫೋನು ಎತ್ತಲಿಲ್ಲ. ಅಂದಿನಿಂದ ಸಮತಟ್ಟಾದ ಗಾಜಿನ ಮೇಲಿಟ್ಟು ಅಲುಗಾಡುತ್ತದೆಯೇ ಎಂದು ನೋಡದೆ ದುಡ್ಡು ಕೊಟ್ಟಿಲ್ಲ. ಬ್ಯಾಟರಿಯ ಈಗಿನ ಸಾಮರ್ಥ್ಯ ಮೂಲದ ಶೇಕಡಾ ಎಷ್ಟಿದೆ ಎಂದು ಅಲ್ಲೇ ತೆರೆದು ತೋರಿಸಲು ಹೇಳಬೇಕು. ತೋರಿಸಲು ಒಪ್ಪದಿದ್ದರೆ ಮುಂದಿನ ಅಂಗಡಿ.

ಕೊನೆಯ ಪರೀಕ್ಷೆಗೆ ಒಂದು ನಿಮಿಷ ಸಾಕು. ಕಗಪ ವಿನ್ಯಾಸಕ್ಕೆ ಬದಲಿಸಿಕೊಂಡು 'ಚಿಕ್ಕಮಗಳೂರು' ಎಂದು ಹತ್ತು ಸಲ ಬರೆಯಿರಿ. ಒಂದು ಸಲಕ್ಕೆ ಹನ್ನೊಂದು ಕೀಲಿ: ನಡುವೆ ಒಂದು ಎಫ್, ಳಕ್ಕೂ ಅದರ ದೀರ್ಘಕ್ಕೂ ಬೆನ್ನು ಬೆನ್ನಿಗೆ ಎರಡು ಶಿಫ್ಟ್. ಹತ್ತರಲ್ಲಿ ಒಂದು ಸಲವಾದರೂ ಒತ್ತು ತಪ್ಪಿ 'ಚಿಕಕಮಗಳೂರು' ಎಂದು ಬಂದರೆ, ಎಷ್ಟೇ ಹಗುರವಿದ್ದರೂ ಆ ಯಂತ್ರ ಬೇಡ.